ಹೊಸ ಪುಸ್ತಕಕ್ಕೊಬ್ಬ ಅಪರಿಚಿತ ಓದುಗ

ಪ್ರಶ್ನೆ: ನಾನು ಕೋಲಾರ ಜಿಲ್ಲೆಯವನು. ಎಣ್ಣೂರಿನ ಕಾರ್ಖಾನೆಯೊಂದರಲ್ಲಿ ಕೆಲಸ. ಇಲ್ಲಿ ಸುತ್ತಮುತ್ತ ಕನ್ನಡ ಪುಸ್ತಕ ಸಿಗುವ ಒಂದು ಅಂಗಡಿಯೂ ಇಲ್ಲ. ಊರಿಗೆ ಹೋದಾಗ ತಂದ ನಾಲ್ಕಾರು ಪುಸ್ತಕಗಳನ್ನೇ ಮತ್ತೆ ಮತ್ತೆ ಓದುತ್ತೇನೆ. ಕನ್ನಡದಲ್ಲಿ ಹೊಸದಾಗಿ ಏನು ಬರುತ್ತಿದೆ ಎಂದು ಇಷ್ಟು ದೂರ ಇರುವವನಿಗೆ ತಿಳಿಯುವುದು ಹೇಗೆ? ಓದಿದ್ದರ ಬಗ್ಗೆ ಬರೆಯಬೇಕೆಂಬ ಆಸೆಯೂ ಇದೆ. ಸಾಹಿತ್ಯವನ್ನು ಕಾಲೇಜಿನಲ್ಲಿ ಓದದವನು, ಬೆಂಗಳೂರಿನ ಯಾವ ಲೇಖಕರ ಪರಿಚಯವೂ ಇಲ್ಲದವನು ಹೊಸ ಪುಸ್ತಕದ ವಿಮರ್ಶೆ ಬರೆಯಬಹುದೇ?
— ಓದುಗರೊಬ್ಬರು, ಎಣ್ಣೂರು, ಚೆನ್ನೈ

ಉತ್ತರ: ಬರೆಯಬಹುದು, ಬರೆಯಬೇಕು. ಲೇಖಕರ ಪರಿಚಯ ಇಲ್ಲ ಎಂಬುದನ್ನು ನೀವು ಕೊರತೆ ಎಂಬಂತೆ ಹೇಳಿದ್ದೀರಿ. ಹೊಸ ಪುಸ್ತಕದ ಬಗ್ಗೆ ಬರೆಯುವವರಿಗೆ ಅದೇ ದೊಡ್ಡ ಅನುಕೂಲ. ಯಾಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪುಸ್ತಕ ಸಿಗುವ ದಾರಿ ನೋಡೋಣ, ಏಕೆಂದರೆ ನೀವಿರುವ ನಗರದಲ್ಲೇ ಒಂದು ದೊಡ್ಡ ಬಾಗಿಲಿದೆ.

ಗುಮ್ಮಿಡಿಪೂಂಡಿ ಕಡೆಯಿಂದ ಬರುವ ಲೋಕಲ್ ರೈಲನ್ನು ಎಣ್ಣೂರಿನಲ್ಲಿ ಹತ್ತಿದರೆ ಸೆಂಟ್ರಲ್ ಪಕ್ಕದ ಮೂರ್ ಮಾರ್ಕೆಟ್ ಕಾಂಪ್ಲೆಕ್ಸ್‌ನಲ್ಲಿ ಇಳಿಯುತ್ತೀರಿ. ಆ ನಿಲ್ದಾಣಕ್ಕೆ ಹೆಸರು ಕೊಟ್ಟ ಮೂರ್ ಮಾರ್ಕೆಟ್ ಒಂದು ಕಾಲಕ್ಕೆ ದಕ್ಷಿಣ ಭಾರತಕ್ಕೆಲ್ಲ ಹೆಸರಾದ ಹಳೇ ಪುಸ್ತಕದ ಪೇಟೆ. 1985ರ ಮೇ 30ರಂದು ಅದು ಬೆಂಕಿಗೆ ಆಹುತಿಯಾಯಿತು. ಅಲ್ಲಿಂದ ಮೆಟ್ರೋದಲ್ಲಿ ಮುಂದಿನ ನಿಲ್ದಾಣವೇ ಎಗ್ಮೋರ್. ಪ್ಯಾಂಥಿಯನ್ ರಸ್ತೆಯ ಮ್ಯೂಸಿಯಂ ಆವರಣದಲ್ಲಿ 1896ರ ಡಿಸೆಂಬರಿನಲ್ಲಿ ಬಾಗಿಲು ತೆರೆದ ಕನ್ನಿಮಾರಾ ಸಾರ್ವಜನಿಕ ಗ್ರಂಥಾಲಯ ಇದೆ. ಕನ್ನಡದ ಹೊಸ ಪುಸ್ತಕಕ್ಕೂ ಈ ಕಟ್ಟಡಕ್ಕೂ ಕಾನೂನಿನ ನಂಟಿದೆ. 1954ರ ಕೇಂದ್ರ ಕಾಯ್ದೆಯೊಂದರ ಪ್ರಕಾರ ಭಾರತದಲ್ಲಿ ಯಾವ ಭಾಷೆಯಲ್ಲಿ ಪುಸ್ತಕ ಪ್ರಕಟವಾದರೂ 30 ದಿನದೊಳಗೆ ಅದರ ಪ್ರತಿಯನ್ನು ಪ್ರಕಾಶಕರು ತಮ್ಮ ಖರ್ಚಿನಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳುಹಿಸಬೇಕು. ಅದರ ಜೊತೆಗೆ ಚೆನ್ನೈ, ಮುಂಬೈ, ದೆಹಲಿಯ ಒಂದೊಂದು ಗ್ರಂಥಾಲಯಕ್ಕೂ ಒಂದೊಂದು ಪ್ರತಿ ಹೋಗಬೇಕು. ಚೆನ್ನೈಗೆ ಬರಬೇಕಾದ ಪ್ರತಿ ಬರುವುದು ಕನ್ನಿಮಾರಾಕ್ಕೆ. ಹೆಗ್ಗೋಡಿನಲ್ಲೋ ಕಲಬುರಗಿಯಲ್ಲೋ ಅಚ್ಚಾದ ಕವನ ಸಂಕಲನ ನ್ಯಾಯವಾಗಿ ನಿಮ್ಮ ಲೋಕಲ್ ರೈಲಿನ ದಾರಿಗೆ ಬಂದು ಕೂರಬೇಕು.

‘ನ್ಯಾಯವಾಗಿ’ ಎಂದು ಯೋಚಿಸಿಯೇ ಬರೆದೆ. ಪ್ರತಿ ಕಳುಹಿಸದವರಿಗೆ ಕಾಯ್ದೆ ವಿಧಿಸುವ ದಂಡ 50 ರೂಪಾಯಿಯವರೆಗೆ, ಜೊತೆಗೆ ಪುಸ್ತಕದ ಬೆಲೆ. ನಾಲ್ಕು ಗ್ರಂಥಾಲಯಕ್ಕೆ ಕಳುಹಿಸುವ ಅಂಚೆಯ ಖರ್ಚೇ ಆ ದಂಡಕ್ಕಿಂತ ಹೆಚ್ಚು. ಹಾಗಾಗಿ ಸಣ್ಣ ಪ್ರಕಾಶಕರು ಅನೇಕರು ಕಳುಹಿಸುವುದಿಲ್ಲ, ಸ್ವಂತ ಖರ್ಚಿನಲ್ಲಿ ಪುಸ್ತಕ ತರುವ ಲೇಖಕರಿಗಂತೂ ಇಂಥ ಕಾಯ್ದೆ ಇದೆಯೆಂಬುದೇ ಗೊತ್ತಿರುವುದಿಲ್ಲ. ಬಂದ ಪುಸ್ತಕವೂ ಪಟ್ಟಿಯಾಗಿ ಕಪಾಟಿಗೆ ಸೇರಲು ಸಮಯ ಹಿಡಿಯುತ್ತದೆ. ಹೀಗೆ ಬಂದ ಪ್ರತಿಗಳನ್ನು ಅಲ್ಲೇ ಕೂತು ಓದಬೇಕು. ಆದರೂ ಒಂದು ರಜಾ ದಿನ ಇಟ್ಟುಕೊಂಡು ಹೋಗಿ. ಕನ್ನಡದ ಪುಸ್ತಕಗಳಿರುವ ಜಾಗ ಕೇಳಿ, ಇತ್ತೀಚೆಗೆ ಬಂದವನ್ನು ತೋರಿಸಿ ಎನ್ನಿ. ಕೇಳುವವರು ಬಂದರೆ ಆ ಕಪಾಟಿನ ಕಡೆ ಗ್ರಂಥಪಾಲಕರ ಗಮನವೂ ಹೆಚ್ಚುತ್ತದೆ.

ಮದರಾಸಿಗೆ ಕನ್ನಡದ ಹೊಸ ಪುಸ್ತಕ ಬರುವುದು ಇಂದಿನ ವಿಷಯವೂ ಅಲ್ಲ. 1956ರವರೆಗೆ ಮಂಗಳೂರು, ಉಡುಪಿ, ಕಾಸರಗೋಡು ಎಲ್ಲ ಮದರಾಸಿನ ಆಡಳಿತಕ್ಕೇ ಸೇರಿದ್ದವು. 1867ರ ಕಾಯ್ದೆಯಂತೆ ಅಲ್ಲಿ ಅಚ್ಚಾದ ಪುಸ್ತಕಗಳೆಲ್ಲ ಸರ್ಕಾರದ ಲೆಕ್ಕಕ್ಕೆ ಬಂದು, ಮೂರು ತಿಂಗಳಿಗೊಮ್ಮೆ ಮದರಾಸಿನ ಗೆಜೆಟ್ಟಿನ ಜೊತೆ ಅವುಗಳ ಪಟ್ಟಿ ಪ್ರಕಟವಾಗುತ್ತಿತ್ತು. ಪುಸ್ತಕದ ಹೆಸರು, ಬರೆದವರು, ಮುದ್ರಕರು, ಪುಟ, ಪ್ರತಿಗಳ ಸಂಖ್ಯೆ, ಬೆಲೆ ಎಲ್ಲವೂ ಅದರಲ್ಲಿ ಇರುತ್ತಿದ್ದವು. ಕನ್ನಡ ಪುಸ್ತಕಗಳ ಇತಿಹಾಸ ಬರೆಯುವವರು ಇಂದಿಗೂ ಆ ಪಟ್ಟಿಗಳನ್ನು ಹುಡುಕಿ ಹೋಗುತ್ತಾರೆ. ಆ ಹಳೆಯ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸದು ಬಂತು, 2024ರ ಮಾರ್ಚ್ 1ರಿಂದ ಜಾರಿಯಾಯಿತು. ಅದು ಪತ್ರಿಕೆ, ನಿಯತಕಾಲಿಕಗಳಿಗೆ ಮಾತ್ರ ಅನ್ವಯಿಸುತ್ತದೆ, ಪುಸ್ತಕವನ್ನು ಕೈಬಿಟ್ಟಿದೆ. ಈಗ ಒಂದು ಕನ್ನಡ ಪುಸ್ತಕ ಹುಟ್ಟಿತು ಎಂಬ ದಾಖಲೆ ಬಹುಮಟ್ಟಿಗೆ 1954ರ ಕಾಯ್ದೆಯ ಮೇಲೆ, ಪ್ರಕಾಶಕರ ಶಿಸ್ತಿನ ಮೇಲೆ ನಿಂತಿದೆ. ಹೊಸ ಪುಸ್ತಕದ ಬಗ್ಗೆ ಎಲ್ಲಾದರೂ ನಾಲ್ಕು ಸಾಲು ಬರೆದಿಡುವವರ ಕೆಲಸಕ್ಕೆ ಇದರಿಂದ ತೂಕ ಹೆಚ್ಚಿದೆ ಎಂದು ನಾನು ನಂಬಿದ್ದೇನೆ.

ಇನ್ನು ಸುದ್ದಿ ತಿಳಿಯುವ ಬಗೆ. ಪತ್ರಿಕೆಗಳ ಭಾನುವಾರದ ಪುರವಣಿಯಲ್ಲಿ ದೊಡ್ಡ ವಿಮರ್ಶೆಯ ಕೆಳಗೆ ‘ಸಾದರ ಸ್ವೀಕಾರ’ ಎಂಬ ಸಣ್ಣ ಅಕ್ಷರದ ಪಟ್ಟಿ ಇರುತ್ತದಲ್ಲ, ಅದನ್ನು ಬಿಡದೆ ಓದಿ. ವಿಮರ್ಶೆಯ ಭಾಗ್ಯ ಸಿಗದ ಬಹುಪಾಲು ಪುಸ್ತಕಗಳು ಇರುವುದು ಅಲ್ಲಿ. ಪ್ರಕಾಶಕರ ವಿಳಾಸ, ಬೆಲೆ, ಪುಟ ಎಲ್ಲ ಸಿಗುತ್ತದೆ. 2019ರಲ್ಲಿ ಶುರುವಾದ ಬುಕ್ ಬ್ರಹ್ಮ ಜಾಲತಾಣ ಹೊಸ ಪುಸ್ತಕಗಳ ಮಾಹಿತಿಯನ್ನು ದಿನವೂ ಕೊಡುತ್ತದೆ. ಈಗ ಹೆಚ್ಚಿನ ಪ್ರಕಾಶಕರು ವಾಟ್ಸಾಪ್ ಗುಂಪು ಇಟ್ಟುಕೊಂಡಿದ್ದಾರೆ. ನಿಮ್ಮ ನಂಬರು ಕೊಟ್ಟರೆ ಮುಖಪುಟವೂ ಪ್ರಕಟಣಪೂರ್ವ ರಿಯಾಯಿತಿಯೂ ಮೊಬೈಲಿಗೇ ಬರುತ್ತದೆ. ಮೈಲ್ಯಾಂಗ್‌ನಂಥ ಆ್ಯಪ್‌ನಲ್ಲಿ ಹೊಸ ಕನ್ನಡ ಪುಸ್ತಕಗಳ ಇ-ಪ್ರತಿ, ಕೇಳುಪುಸ್ತಕಗಳು ಸಿಗುತ್ತವೆ. ಪಾಳಿ ಕೆಲಸದವರಿಗೆ ಕೇಳುಪುಸ್ತಕ ಒಳ್ಳೆಯ ಜೊತೆ.

ಆದರೆ ಸುದ್ದಿಯ ಹೊಳೆಯಲ್ಲಿ ದೊಡ್ಡ ಹೆಸರುಗಳೇ ತೇಲುತ್ತವೆ. ಅದಕ್ಕೇ ಪುಸ್ತಕಕ್ಕಿಂತ ಮೊದಲು ಪ್ರಕಾಶಕರನ್ನು ಗುರುತಿಟ್ಟುಕೊಳ್ಳಿ ಎಂದು ಹೇಳುತ್ತೇನೆ. ಒಬ್ಬೊಬ್ಬ ಪ್ರಕಾಶಕರಿಗೆ ಒಂದೊಂದು ರುಚಿ ಇರುತ್ತದೆ. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ನಡೆಯುತ್ತಿದೆ. ಅದು ಚಂದಾದಾರರಿಗೆ ಪ್ರತಿ ವರ್ಷ ಹೊಸ ಪುಸ್ತಕಗಳನ್ನು ಮನೆಗೇ ಕಳುಹಿಸುವ ಪದ್ಧತಿ ಮಾಡಿತು. ಯಾವ ಪುಸ್ತಕ ಎಂದು ಗೊತ್ತಿಲ್ಲದೆಯೇ, ಪ್ರಕಾಶಕರ ಆಯ್ಕೆಯ ಮೇಲೆ ನಂಬಿಕೆ ಇಟ್ಟು ಜನ ಹಣ ಕಟ್ಟುತ್ತಿದ್ದರು. ಹೆಗ್ಗೋಡಿನ ಅಕ್ಷರ ಪ್ರಕಾಶನ, ಶಿವಮೊಗ್ಗದ ಅಹರ್ನಿಶಿ, ಬಳ್ಳಾರಿಯ ಲೋಹಿಯಾ, ಬೆಂಗಳೂರಿನ ಅಭಿನವ, ನವಕರ್ನಾಟಕ, ಅಂಕಿತ ಇವರ ಪಟ್ಟಿಗಳನ್ನು ಒಂದು ವರ್ಷ ಗಮನಿಸಿದರೆ ನಿಮಗೆ ಹೊಂದುವವರು ಯಾರು ಎಂದು ತಾನಾಗಿ ತಿಳಿಯುತ್ತದೆ. ವಸುಧೇಂದ್ರರ ಛಂದ ಪುಸ್ತಕವನ್ನು ನಾನು ವಿಶೇಷವಾಗಿ ಹೆಸರಿಸಬೇಕು. ಇನ್ನೂ ಕಥಾಸಂಕಲನ ತರದ ಕಥೆಗಾರರಿಂದ ಹಸ್ತಪ್ರತಿ ಕರೆದು, ಆಯ್ಕೆಯಾದದ್ದಕ್ಕೆ ಬಹುಮಾನ ಕೊಟ್ಟು ಅಚ್ಚು ಹಾಕಿಸುತ್ತಾರೆ. ಪದ್ಮನಾಭ ಭಟ್ಟರ ‘ಕೇಪಿನ ಡಬ್ಬಿ’ ಛಂದದಿಂದ ಬಂದದ್ದು. 2018ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಬಂತು. ಕನ್ನಡ ಪುಸ್ತಕ ಪ್ರಾಧಿಕಾರವೂ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಮೊದಲ ಪುಸ್ತಕ ಹುಡುಕುವವರಿಗೆ ಆ ಪಟ್ಟಿ ಬಹಳ ಉಪಯುಕ್ತ.

ಪುಸ್ತಕ ತರಿಸಿಕೊಳ್ಳುವುದು ಈಗ ಕಷ್ಟವಲ್ಲ. ಯುಪಿಐ ಮಾಡಿ ವಿಳಾಸ ಕಳಿಸಿದರೆ ಸಾಕು, ಅಂಚೆಯಲ್ಲಿ 600057ಕ್ಕೆ ಬಂದು ಸೇರುತ್ತದೆ. ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಅಗ್ಗದ ಸೇವೆಯನ್ನು ಪುಸ್ತಕಗಳಿಗೆಂದೇ ತಂದಿದೆ. ಸಣ್ಣ ಪ್ರಕಾಶಕರಿಗೆ ಇದರ ನೆನಪು ಮಾಡಿಕೊಡಿ. ಆದಷ್ಟು ಮಟ್ಟಿಗೆ ಪ್ರಕಾಶಕರಿಂದ ನೇರವಾಗಿ ಕೊಳ್ಳಿ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಇವತ್ತೂ ಎಷ್ಟೋ ಪ್ರಕಾಶಕರು ತಾವೇ ಪಾರ್ಸೆಲ್ ಕಟ್ಟಿ, ತಾವೇ ವಿಳಾಸ ಬರೆದು, ತಾವೇ ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲುತ್ತಾರೆ.

ಈಗ ಪರಿಚಯ ಇಲ್ಲದವರು ಬರೆಯಬಹುದೇ ಎಂಬ ಪ್ರಶ್ನೆಗೆ ಬರುತ್ತೇನೆ.

ಕನ್ನಡದ ಪುಸ್ತಕಲೋಕ ದೊಡ್ಡದಲ್ಲ. ಲೇಖಕರು, ಮುನ್ನುಡಿ ಬರೆದವರು, ಬೆನ್ನುಡಿ ಬರೆದವರು, ಬಿಡುಗಡೆಯ ದಿನ ಮಾತಾಡಿದವರು, ಮರುವಾರ ವಿಮರ್ಶೆ ಬರೆದವರು ಎಲ್ಲ ಪರಸ್ಪರ ಬಲ್ಲವರು. ಸ್ನೇಹ ತಪ್ಪಲ್ಲ. ಆದರೆ ಸ್ನೇಹದಲ್ಲಿ ಬರೆದ ಮಾತು ಪುಸ್ತಕದ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಳ್ಳೆಯ ಪುಸ್ತಕಕ್ಕೂ ಸಾಧಾರಣ ಪುಸ್ತಕಕ್ಕೂ ಅದೇ ಹೊಗಳಿಕೆ ಬೀಳುತ್ತದೆ. ಓದುಗ ಒಂದೆರಡು ಸಲ ನಂಬಿ ಕೊಂಡು ಮೋಸ ಹೋದ ಮೇಲೆ ಮೂರನೆಯ ಸಲ ನಿಜವಾಗಿ ಒಳ್ಳೆಯ ಪುಸ್ತಕ ಬಂದಾಗಲೂ ನಂಬುವುದಿಲ್ಲ. ನಷ್ಟ ಆಗುವುದು ಆ ಒಳ್ಳೆಯ ಪುಸ್ತಕಕ್ಕೆ. ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಆ 12 ಕಥೆಗಳು 1990ರಿಂದ 2023ರ ನಡುವೆ ಕನ್ನಡದಲ್ಲಿ ಬರೆದವು. ಪ್ರಶಸ್ತಿಯ ಸುದ್ದಿ ಕೇಳಿದ ಮೇಲಷ್ಟೇ ಮೂಲ ಕಥೆಗಳನ್ನು ಹುಡುಕಿದ ಕನ್ನಡಿಗರು ಎಷ್ಟೋ ಮಂದಿ. ಪುಸ್ತಕ ಕೈಗೆಟಕುವ ದೂರದಲ್ಲೇ ಇತ್ತು. ಬಿಡಿಸಿ ಓದಿ ಪಕ್ಕದವರಿಗೆ ಹೇಳುವವರು ಸಾಲದೇ ಹೋದರು.

ಆದ್ದರಿಂದ ಹೊಸ ಪುಸ್ತಕಕ್ಕೆ ಬೇಕಾದದ್ದು ಪೂರ್ತಿ ಓದಿದ ಒಬ್ಬ ಅಪರಿಚಿತ. ಬಿಡುಗಡೆ ಸಮಾರಂಭಕ್ಕೆ ಹೋಗದವರು, ಲೇಖಕರ ಜೊತೆ ಕಾಫಿ ಕುಡಿಯದವರು, ಪುಟಗಳ ಮೇಲೆ ಏನಿದೆಯೋ ಅಷ್ಟನ್ನೇ ನಂಬಿ ಬರೆಯುವವರು. ರಾಜಧಾನಿಯಿಂದ ದೂರ ಇದ್ದೇ ಹೊಸ ಬರಹವನ್ನು ಬಿಡದೆ ಓದಿ ಬರೆದವರು ನಮ್ಮಲ್ಲಿ ಇದ್ದಾರೆ. ಟಿ.ಪಿ. ಅಶೋಕ ಸಾಗರದಲ್ಲಿದ್ದುಕೊಂಡು ತಲೆಮಾರುಗಳ ಕಥೆ, ಕಾದಂಬರಿಗಳ ಬಗ್ಗೆ ಬರೆದಿದ್ದಾರೆ. ಸಾಹಿತ್ಯದ ಮೇಷ್ಟ್ರಾಗಿರಬೇಕು ಎಂಬ ನಿಯಮವೂ ಇಲ್ಲ. ನಿಮ್ಮದೇ ಜಿಲ್ಲೆಯ, ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರು ನಿಮ್ಮ ಈಗಿನ ನಗರದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1914ರಲ್ಲಿ ಎಂ.ಎ. ಮುಗಿಸಿ ಸರ್ಕಾರಿ ಅಧಿಕಾರಿಯಾಗಿ ದುಡಿದವರು. ಆ ನೌಕರಿಯ ನಡುವೆಯೇ ವಿಮರ್ಶೆಯನ್ನೂ ಬರೆದರು. ಆಮೇಲೆ ‘ಜೀವನ’ ಪತ್ರಿಕೆಯನ್ನು ಎರಡು ದಶಕ ನಡೆಸಿ ಹೊಸಬರಿಗೆ ಜಾಗ ಕೊಟ್ಟರು.

ಬರೆಯುವ ಬಗ್ಗೆ ನನಗೆ ಗೊತ್ತಿರುವ ಕೆಲವು ಮಾತು. ಪುಸ್ತಕ ಕೈಗೆ ಬಂದ ಕೂಡಲೇ ಶೀರ್ಷಿಕೆ ಪುಟದ ಹಿಂಬದಿ ನೋಡಿ. ಮೊದಲ ಮುದ್ರಣದ ವರ್ಷ, ಪುಟ, ಬೆಲೆ, ಎಷ್ಟು ಪ್ರತಿ, 1/8 ಡೆಮಿಯೋ ಕ್ರೌನೋ, ಕಾಗದ 70 ಜಿಎಸ್‌ಎಂ ಮ್ಯಾಪ್ಲಿಥೋವೋ, ಮುಖಪುಟ ಯಾರದು ಎಲ್ಲ ಅಲ್ಲಿರುತ್ತದೆ. ಮರುಮುದ್ರಣವನ್ನು ಹೊಸ ಪುಸ್ತಕ ಎಂದು ಪರಿಚಯಿಸುವ ತಪ್ಪು ಇದರಿಂದ ತಪ್ಪುತ್ತದೆ. ಕರ್ನಾಟಕದ ಗ್ರಂಥಾಲಯ ಇಲಾಖೆ ಪುಸ್ತಕಗಳನ್ನು ಸಗಟಾಗಿ ಕೊಳ್ಳುತ್ತದೆ, ಆ ಖರೀದಿಯನ್ನೇ ನೆಚ್ಚಿ ಅವಸರದಲ್ಲಿ ಅಚ್ಚಾಗುವ ಪುಸ್ತಕಗಳೂ ಇವೆ. ಕರಡು ತಿದ್ದದ ಪುಟಗಳು, ಎಲ್ಲಿಂದಲೋ ಎತ್ತಿ ಜೋಡಿಸಿದ ಲೇಖನಗಳು ಕಂಡರೆ ಸ್ಪಷ್ಟವಾಗಿ ಬರೆಯಿರಿ. ಅನುವಾದವಾದರೆ ಅನುವಾದಕರ ಹೆಸರನ್ನು ಮೊದಲ ಪ್ಯಾರಾದಲ್ಲೇ ಹೇಳಿ, ಮೂಲದಿಂದ ನೇರವಾಗಿ ಬಂತೋ ಇಂಗ್ಲಿಷ್ ಮೂಲಕ ಬಂತೋ ತಿಳಿದುಕೊಳ್ಳಿ.

ಮುನ್ನುಡಿಯನ್ನು ಕಡೆಗೆ ಓದಿ. ನಮ್ಮಲ್ಲಿ ಹಿರಿಯರಿಂದ ಮುನ್ನುಡಿ ಬರೆಸುವ ಪದ್ಧತಿ ಗಟ್ಟಿಯಾಗಿ ಉಳಿದಿದೆ, ಅವುಗಳಲ್ಲಿ ಕೆಲವು ನಿಜಕ್ಕೂ ಒಳ್ಳೆಯ ವಿಮರ್ಶೆಗಳು. ಆದರೆ ಮೊದಲೇ ಓದಿದರೆ ಆ ಹಿರಿಯರ ಕಣ್ಣಿನಲ್ಲೇ ನೀವೂ ನೋಡುತ್ತೀರಿ. ಪತ್ರಿಕೆಗಳಲ್ಲಿ ಬರುವ ಪುಸ್ತಕ ಪರಿಚಯಗಳಲ್ಲಿ ಮುನ್ನುಡಿಯ ಸಾಲುಗಳೇ ತಿರುಗಾಮುರುಗಾ ಬಂದಿರುವುದನ್ನು ನೀವೂ ಗಮನಿಸಿರಬಹುದು. ಪೆನ್ಸಿಲ್ ಹಿಡಿದು ಓದಿ, ತಡೆದು ನಿಲ್ಲಿಸಿದ ಸಾಲಿಗೆ ಗುರುತು ಹಾಕಿ, ಮುಗಿಸಿದ ಮೇಲೆ ಕೆಲವು ದಿನ ಬಿಟ್ಟು ಗುರುತು ಹಾಕಿದ ಪುಟಗಳನ್ನಷ್ಟೇ ಮತ್ತೆ ತೆರೆಯಿರಿ. ಮೊದಲ ಸಲ ಹಿಡಿಸಿದ್ದು ಎರಡನೆಯ ಸಲವೂ ಹಿಡಿದರೆ ಬರೆಯಲು ಧೈರ್ಯ ಬರುತ್ತದೆ.

ಬರೆಯುವಾಗ ‘ವಿಭಿನ್ನ’, ‘ಮನಮುಟ್ಟುವ’, ‘ಭರವಸೆಯ ಲೇಖಕ’, ‘ಸಂಗ್ರಹಯೋಗ್ಯ’, ‘ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುತ್ತದೆ’ ಇವನ್ನು ಬಿಡಿ. ಇವು ಯಾವ ಪುಸ್ತಕಕ್ಕೂ ಹೊಂದುತ್ತವೆ. ಬದಲಿಗೆ ಈ ಪುಸ್ತಕದಲ್ಲಿ ಮಾತ್ರ ಇರುವುದು ಯಾವುದು ಎಂದು ಹುಡುಕಿ. ಒಂದು ಕಥೆಯಲ್ಲಿ ತಾಯಿ ಮಗಳ ಜಗಳ ಚೆನ್ನಾಗಿದೆ ಎಂದರೆ ಸಾಲದು. ಜಗಳ ಯಾವ ಮಾತಿನಿಂದ ಶುರುವಾಯಿತು, ಯಾರು ಮೊದಲು ಸುಮ್ಮನಾದರು, ಲೇಖಕರು ಅಲ್ಲಿ ಏನನ್ನು ಹೇಳದೆ ಬಿಟ್ಟರು ಎಂಬುದನ್ನು ತೋರಿಸಿ. ಪುಸ್ತಕದಿಂದ ಎರಡೋ ಮೂರೋ ಸಾಲು ಪುಟಸಂಖ್ಯೆಯ ಸಮೇತ ಎತ್ತಿ ಕೊಡಿ, ನಿಮ್ಮ ಅಭಿಪ್ರಾಯ ಸರಿಯೋ ತಪ್ಪೋ ಓದುವವರು ತಾವೇ ನೋಡಿಕೊಳ್ಳಲಿ. ಸರಿಹೋಗದ್ದನ್ನು ಹೇಳುವಾಗಲೂ ಅಷ್ಟೇ ವಿವರ ಬೇಕು. ಕಾರಣವಿಲ್ಲದ ತೆಗಳಿಕೆ ಕಾರಣವಿಲ್ಲದ ಹೊಗಳಿಕೆಯಷ್ಟೇ ಕೆಟ್ಟದ್ದು. ಕಾದಂಬರಿಯ ಕಥೆಯನ್ನು ಕೊನೆಯವರೆಗೆ ಹೇಳಬೇಡಿ. ಕವನ ಸಂಕಲನವಾದರೆ ಇಡೀ ಪುಸ್ತಕವನ್ನು ಸುತ್ತಿ ಬರುವ ಬದಲು ಒಂದೇ ಕವಿತೆಯ ಮುಂದೆ ಕೂತು ಬರೆದರೂ ಆಗುತ್ತದೆ, ಬಹಳ ಸಲ ಅದೇ ಚೆಂದ. ಪ್ರಕಾಶಕರೋ ಲೇಖಕರೋ ಗೌರವಪ್ರತಿ ಕಳಿಸಿದ್ದರೆ ಬರಹದಲ್ಲಿ ಅದನ್ನು ಒಂದು ಸಾಲಿನಲ್ಲಿ ತಿಳಿಸಿಬಿಡಿ. ಸಾಧ್ಯವಾದಷ್ಟು ಕೊಂಡೇ ಓದಿ, ಆಗ ನಾಲಗೆ ಹಗುರವಾಗಿರುತ್ತದೆ.

ಎಲ್ಲ ಹೊಸ ಪುಸ್ತಕಗಳ ಹಿಂದೆ ಓಡಬೇಡಿ. ನವೆಂಬರ್ ಬಂತೆಂದರೆ ರಾಜ್ಯೋತ್ಸವದ ನೆಪದಲ್ಲಿ ಪುಸ್ತಕಗಳು ಒಟ್ಟೊಟ್ಟಿಗೆ ಬಿಡುಗಡೆಯಾಗುತ್ತವೆ. ಆಮೇಲೆ ಸಮ್ಮೇಳನದ ಮಳಿಗೆಗಳಿಗೆಂದು ಇನ್ನಷ್ಟು ಬರುತ್ತವೆ. ತಿಂಗಳಿಗೆ ಒಂದು ಪುಸ್ತಕ ಸರಿಯಾಗಿ ಓದಿ ಬರೆದರೆ ಸಾಕು. ಆ ಒಂದು, ಯಾರೂ ಬರೆಯದೇ ಬಿಟ್ಟ ಪುಸ್ತಕವಾಗಿರಲಿ. ಪುಸ್ತಕ ಬಂದು ಆರು ತಿಂಗಳಾಗಿದ್ದರೂ ಚಿಂತೆಯಿಲ್ಲ.

ಕೊನೆಯದಾಗಿ ನೀವಿರುವ ಜಾಗದ ಬಲದ ಬಗ್ಗೆ. ಟಿ.ಪಿ. ಕೈಲಾಸಂ ಅಧ್ಯಕ್ಷರಾಗಿ 1945ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದ ನಗರ ಅದು. ಕಿಟ್ಟೆಲ್ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಆವೃತ್ತಿ 1968ರಿಂದ ಸಂಪುಟಗಳಾಗಿ ಪ್ರಕಟವಾದದ್ದು ಮದರಾಸು ವಿಶ್ವವಿದ್ಯಾಲಯದಿಂದ. ಮರೀನಾ ಎದುರಿನ ಆ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ, ತ್ಯಾಗರಾಯನಗರದ ಕರ್ನಾಟಕ ಸಂಘಕ್ಕೆ ಒಮ್ಮೆ ಹೋಗಿ ಬನ್ನಿ. ಪುಸ್ತಕ ಓದುವ ಇನ್ನಿಬ್ಬರು ಸಿಕ್ಕಾರು. ನಿಮಗೆ ತಮಿಳೂ ಬರುತ್ತದೆ ಎಂದುಕೊಂಡಿದ್ದೇನೆ. ಹಾಗಿದ್ದರೆ ಬೆಂಗಳೂರಿನ ವಿಮರ್ಶಕರಲ್ಲಿ ಬಹುಮಂದಿಗೆ ಆಗದ ಕೆಲಸ ನಿಮಗೆ ಸಾಧ್ಯ. ಭೈರಪ್ಪನವರ ‘ಪರ್ವ’ವನ್ನು ತಮಿಳಿಗೆ ತಂದ ಪಾವಣ್ಣನ್ ಅವರಿಗೆ 2005ರಲ್ಲಿ, ನೇಮಿಚಂದ್ರರ ‘ಯಾದ್ ವಶೇಮ್’ ಅನ್ನು ತಂದ ಕೆ. ನಲ್ಲತಂಬಿ ಅವರಿಗೆ 2022ರಲ್ಲಿ ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿ ಬಂದಿದೆ. ತಮಿಳಿನಿಂದ ಕನ್ನಡಕ್ಕೆ ಬರುವ ಹೊಸ ಅನುವಾದಗಳನ್ನು ಮೂಲದ ಪಕ್ಕದಲ್ಲಿಟ್ಟು ಓದಿ ಹೇಳುವವರು ಕನ್ನಡದಲ್ಲಿ ಬಹಳ ಕಡಿಮೆ. ಇನ್ನೊಂದು ಮಾತು. ಉಷ್ಣಸ್ಥಾವರದ ಬೂದಿ ಕೊಸಸ್ತಲೈ ನದಿಗೆ, ಅಳಿವೆಗೆ ಸೇರಿದ್ದನ್ನು, ಅಲ್ಲಿನ ಮೀನುಗಾರರು ಕಷ್ಟಪಟ್ಟದ್ದನ್ನು ಕಣ್ಣಾರೆ ಕಂಡ ಎಣ್ಣೂರಿನವರು ನಾಗೇಶ ಹೆಗಡೆಯವರ ಒಂದು ಪರಿಸರ ಪುಸ್ತಕ ಓದುವ ಬಗೆಯೇ ಬೇರೆ. ಆ ಅನುಭವವನ್ನು ಬರಹದಿಂದ ಹೊರಗಿಡಬೇಡಿ.

ಒಂದು ಕೋರಿಕೆ ಇದೆ. ನೀವು ಬರೆದ ಪುಸ್ತಕದ ಪ್ರಕಾಶಕರಿಗೆ ನಿಮ್ಮ ಬರಹದ ಪ್ರತಿ ಕಳುಹಿಸಿ, ಜೊತೆಗೆ ಎರಡು ಸಾಲಿನ ಪತ್ರ ಇಡಿ. ಆ ಪುಸ್ತಕದ ಒಂದು ಪ್ರತಿಯನ್ನು ಎಗ್ಮೋರಿನ ಕನ್ನಿಮಾರಾ ಗ್ರಂಥಾಲಯಕ್ಕೆ ಕಳಿಸಿದ್ದೀರಾ ಎಂದು ಕೇಳಿ, ಇಲ್ಲವಾದರೆ ಈ ವಾರವೇ ಕಳಿಸಿ ಎಂದು ಬರೆಯಿರಿ.